ಸವೆದಿದೆ ಎಂದು ಓದಿ ಹೇಳಿದವನು ನಾನೇ

ಒಂದು ಇಂಗ್ಲಿಷ್ ಶಬ್ದಕ್ಕೆ ಕನ್ನಡದಲ್ಲಿ ಅರ್ಥ ಹೇಳಿ, ನಾನು ಒಬ್ಬ ಮನುಷ್ಯನನ್ನು ಎಂಟು ತಿಂಗಳು ಹಾಸಿಗೆ ಹಿಡಿಸಿದೆ.

ಆತನ ಹೆಸರು ಮಾಳಪ್ಪ. ವನದುರ್ಗದವನು, ಐವತ್ತರ ಆಸುಪಾಸು. ಪ್ರತಿ ವರ್ಷ ರಾಶಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ. ಕಳೆದ ದೀಪಾವಳಿ ಮುಗಿದ ವಾರ ಶಹಾಪುರದ ನಮ್ಮ ಮನೆಗೆ ಬಂದ. ಕೈಯಲ್ಲಿ ದೊಡ್ಡ ಲಕೋಟೆ. ತಗ್ಗಿಗೆ ಬಿದ್ದ ಟಗರನ್ನು ಎತ್ತುವಾಗ ಸೊಂಟ ಹಿಡಿದಿತ್ತಂತೆ. ಯಾರದೋ ಮಾತು ಕೇಳಿ ಕಲಬುರಗಿಗೆ ಹೋಗಿ ಎಂಆರ್‌ಐ ಮಾಡಿಸಿದ್ದ.

“ಡಾಕ್ಟರ್ ಗುಳಿಗಿ ಬರ್ದು ಕೊಟ್ಟಾರ್ರಿ ಸರ. ಇದರಾಗ ಏನದ ಅಂತ ಹೇಳಲಿಲ್ಲ. ನೀವ ಓದ್ರಿ.”

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಓದದೇ ಬಿಡುತ್ತೇನೆಯೇ? (ಗೊತ್ತಿಲ್ಲ ಎನ್ನುವ ರೂಢಿ ನಮ್ಮ ವೃತ್ತಿಯಲ್ಲಿಲ್ಲ.) ಡಿಜೆನರೇಷನ್ ಎಂದಿತ್ತು. ಡಿಸ್ಕ್ ಬಲ್ಜ್ ಎಂದಿತ್ತು.

“ಬೆನ್ನೆಲುಬು ಸವದದ ಮಾಳಪ್ಪ. ನಡುವಿನ ಡಿಸ್ಕ್ ಹೊರಗ ಬಂದದ. ಭಾರ ಎತ್ತಬ್ಯಾಡ, ಬಾಗಬ್ಯಾಡ. ಸುಮ್ಮ ಮಕ್ಕೊ.”

ಭಾರ, ಬಾಗುವುದು, ಮಲಗುವುದು ಯಾವುದೂ ರಿಪೋರ್ಟಿನಲ್ಲಿರಲಿಲ್ಲ. ಅದೆಲ್ಲ ನನ್ನ ಸ್ವಂತ ಕೊಡುಗೆ.

ಮಾಳಪ್ಪ ಗೋಡೆ ಹಿಡಿದು ಎದ್ದ. ಬರುವಾಗ ಗೋಡೆ ಮುಟ್ಟಿರಲಿಲ್ಲ.

ಆಮೇಲೆ ನಾನು ಮರೆತೆ.

ಈ ಆಷಾಢದಲ್ಲಿ ನನ್ನದೇ ಸೊಂಟ ಹಿಡಿಯಿತು. ಸುರಪುರದ ರಂಗಂಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಶ್ರೀದೇವಿ ಫಿಜಿಯೋಥೆರಪಿಸ್ಟ್ ಆಗಿದ್ದಾಳೆ. ಅವಳ ಹತ್ತಿರ ಹೋದೆ. ಕಾಲು ಜೋಮು ಹಿಡಿಯುತ್ತದೆಯೇ, ಜ್ವರ ಬಂದಿತ್ತೇ, ಮೂತ್ರಕ್ಕೆ ತೊಂದರೆಯೇ ಎಂದು ಒಂದೊಂದಾಗಿ ಕೇಳಿದಳು. ಕಾಲು ಎತ್ತಿಸಿ ನೋಡಿದಳು.

“ಅಂಜೂವಂಥಾದ್ದು ಏನಿಲ್ರಿ ಸರ. ಇವತ್ತಿಂದನ ಅಡ್ಡಾಡ್ರಿ.”

“ಸ್ಕ್ಯಾನ್?”

“ಈಗ ಬ್ಯಾಡ್ರಿ. ನೋವೇ ಇಲ್ಲದವರ ಸ್ಕ್ಯಾನಿನಾಗೂ ಸವದದ, ಉಬ್ಬೇದ ಅಂತ ಬರ್ತದ. ವಯಸ್ಸಾದಂಗ ಕೂದಲ ಬೆಳ್ಳಗ ಆಗಂಗಿಲ್ಲೇನ್ರಿ? ಅದನ್ನ ಕೇಳಿ ಮಂದಿ ಅಂಜಿ ಮಕ್ಕೊಂಡುಬಿಡ್ತಾರ. ಮಕ್ಕೊಂಡಷ್ಟೂ ಮೈ ಬಿಗೀತದ. ಇದೇನು ಹೊಸಾದಲ್ರಿ, ಎಷ್ಟೋ ವರ್ಷದಿಂದ ಪುಸ್ತಕದಾಗ ಅದ.”

ಪುಸ್ತಕದಲ್ಲಿದೆ, ಸರಿ. ಆ ಮಾತು ಪುಸ್ತಕದಿಂದ ವನದುರ್ಗ ಮುಟ್ಟಲು ಯಾವ ಬಸ್ಸಿದೆ?

ಅಲ್ಲೇ ನನಗೆ ಮಾಳಪ್ಪ ನೆನಪಾದ. ಮುಂದಿನ ಭಾನುವಾರ ಶ್ರೀದೇವಿಯನ್ನು ಕರೆದುಕೊಂಡು ಅವನ ಮನೆಗೆ ಹೋದೆ.

ಆತ ಹಲಗೆಯ ಮೇಲೆ ಮಲಗಿದ್ದ. ಬೆಟ್ಟ ಹತ್ತಿ ಇಳಿಯುತ್ತಿದ್ದವನ ತೊಡೆಗಳು ಸೊರಗಿ ತೋಳಿನಷ್ಟಾಗಿದ್ದವು. ಹೆಂಡತಿ ಸಿದ್ದಮ್ಮ ಎರಡು ತಿಂಗಳು ಒಬ್ಬಳೇ ಕುರಿ ಕಾಯ್ದಿದ್ದಳು. ಕೈಲಾಗದೆ ಅಷ್ಟನ್ನೂ ಸಂತೆಯಲ್ಲಿ ಮಾರಿ, ಈಗ ಕಾಲುವೆ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಾಳೆ.

“ನೀವು ಹೇಳಿದ್ದು ಒಂದೂ ತಪ್ಪಿಸಿಲ್ರಿ ಸರ. ತಂಬಗಿ ನೀರು ಸೈತ ಎತ್ತಗೊಟ್ಟಿಲ್ಲ” ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

ಶ್ರೀದೇವಿ ನನಗೆ ಕೇಳಿದ್ದನ್ನೇ ಅವನಿಗೂ ಕೇಳಿದಳು, ಕಾಲು ಮಡಿಸಿ ನೋಡಿದಳು, ತಿಳಿಸಿ ಹೇಳಿದಳು. ಆತ ಕೇಳಿಸಿಕೊಂಡ. ಆದರೆ ನೋಡುತ್ತಿದ್ದದ್ದು ನನ್ನನ್ನು.

“ತಪ್ಪು ನಂದು ಮಾಳಪ್ಪ. ನನಗ ತಿಳೀಲಾರದ್ದು ಹೇಳಿಬಿಟ್ಟೆ” ಎಂದೆ.

“ನೀವು ಹಾಳಿ ನೋಡೇ ಓದಿದ್ರಲ್ರಿ ಸರ. ಬರ್ದದ್ದು ಸುಳ್ಳೇನ್ರಿ?”

ಸುಳ್ಳಲ್ಲ. ಹಾಗಾದರೆ ನಿಜವೇ?

ಶ್ರೀದೇವಿ ಕೈ ಕೊಟ್ಟು ಎಬ್ಬಿಸಿದಳು. ನಡುಗುತ್ತ ಅಂಗಳದ ತನಕ ನಡೆದ. ಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನೋಡ್ರಿ ಕಾಕಾ, ನಡದ್ರಿ! ದಿನಾ ಇಷ್ಟಿಷ್ಟ ಹೆಚ್ಚಿಗಿ ಮಾಡ್ರಿ” ಎಂದಳು ಶ್ರೀದೇವಿ.

ಮಾಳಪ್ಪ ಖಾಲಿ ಕುರಿಹಟ್ಟಿಯ ಕಡೆ ನೋಡಿ ಕೇಳಿದ: “ನಡೀತೀನವ್ವ. ನಡದು ಯಾವುದರ ಹಿಂದ ಹೋಗ್ಲಿ?”