ನನಗೊಬ್ಬಳಿಗೆ ಹೇಳದೆ ಉಳಿದ ಮಾತು

ತೊಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಮೂವತ್ಮೂರು. ಮಸ್ಕಿಯ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಎಡ ಮೊಲೆಯ ಗಂಟು ಕ್ಯಾನ್ಸರ್ ಅಂತ ಗೊತ್ತಾಗಿ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ ಇಂಜೆಕ್ಷನ್ನಿಗೆ ಗಂಡನ ಜೊತೆ ಬಸ್ಸು ಹತ್ತುತ್ತಿದ್ದೆ.

ಮೂರನೇ ಇಂಜೆಕ್ಷನ್ ಆದಮೇಲೆ ಮುಟ್ಟು ನಿಂತಿತು. ಪಾಠ ಮಾಡುತ್ತ ನಿಂತಲ್ಲೇ ಎದೆಯಿಂದ ನೆತ್ತಿಯವರೆಗೆ ಕಾವು ಏರಿ ಕುಪ್ಪಸ ತೊಯ್ದುಹೋಗುತ್ತಿತ್ತು. ಬಸುರಾಗಿರಬಹುದೇ ಎಂದು ಹೆದರಿದೆ. ಅಂಥ ಔಷಧ ಮೈಯೊಳಗೆ ಹರಿಯುವಾಗ ಕೂಸು ನಿಂತಿದ್ದರೆ ಏನು ಗತಿ? ಎರಡು ತಿಂಗಳು ಬಾಯಿಬಿಡದೆ, ಹೊಟ್ಟೆ ಒತ್ತಿ ಒತ್ತಿ ನೋಡಿಕೊಂಡೆ.

ಒಂದು ಮುಂಜಾನೆ ಅತ್ತೆ ಅಕ್ಕಿ ಆರಿಸುತ್ತ, "ಇನ್ನ ನಿಂಗ ಹೊರಗ ಕೂಡೂ ತ್ರಾಸಿಲ್ಲ ಬಿಡು. ತಿಂಗಳಪೂರ್ತಿ ಅಡಿಗಿ ನೀನ ಮಾಡಬಹುದು" ಅಂದರು.

"ನಿಮಗ ಯಾರು ಹೇಳಿದ್ರು, ಅತ್ತಿ?"

"ನನ್ನ ಮಗ ಹೇಳ್ಯಾನ. ಮೊದಲನೇ ಸೂಜಿ ಹಾಕೂಕಿಂತ ಮುಂಚೇನ ಡಾಕ್ಟರ್ ಅವಗ ಹೇಳಿದ್ರಂತ."

ಅಂದರೆ ನನ್ನ ಮೈಯೊಳಗೆ ಏನಾಗಲಿದೆ ಎಂಬುದು ಮನೆಗೆಲ್ಲ ಗೊತ್ತಿತ್ತು, ನನ್ನನ್ನು ಬಿಟ್ಟು. ಗಂಡನನ್ನು ಕೇಳಿದೆ.

"ನೀ ಹೆದರ್ತಿ ಅಂತ ಹೇಳಲಿಲ್ಲ."

"ನಿಮ್ಮವ್ವಗ ಹೇಳಿದ್ರಿ. ಆಕಿ ಹೆದರೂದಿಲ್ಲೇನು?"

ಅವರು ಪೇಪರ್ ಎತ್ತಿಕೊಂಡರು.

ಮುಂದಿನ ಸಲ ಅವರನ್ನು ಹೊರಗೆ ಕೂಡಿಸಿ ಒಬ್ಬಳೇ ಡಾಕ್ಟರ ಕೋಣೆಗೆ ಹೋದೆ. ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲ ಅಂದರು ಅವರು, ತೆಲುಗಿನಲ್ಲಿ. ತೆಲುಗು ನನಗೂ ಬರುತ್ತಿತ್ತು. ಸೂಜಿ ಚುಚ್ಚುವುದು ನನಗೆ, ನನಗೇ ಹೇಳಿ ಅಂದೆ. ದನಿ ಏರಿತ್ತು, ಇಳಿಸಲಿಲ್ಲ.

ಆಗ ಪೆನ್ನು ಕೆಳಗಿಟ್ಟು ಹೇಳಿದರು: ಔಷಧ ಅಂಡಾಶಯಕ್ಕೂ ಪೆಟ್ಟು ಕೊಡುತ್ತದೆ, ಕಾವು ಏರುವುದು ಅದರಿಂದಲೇ. ಈ ವಯಸ್ಸಿನಲ್ಲಿ ಮುಟ್ಟು ಮರಳಿ ಬರಬಹುದು, ಬಾರದೆಯೂ ಇರಬಹುದು. ನಿಂತಿದೆ ಅಂತ ಬಸುರಾಗುವುದೇ ಇಲ್ಲ ಅಂದುಕೊಳ್ಳಬೇಡಿ. ಐದು ನಿಮಿಷದ ಮಾತು. ಅದಕ್ಕಾಗಿ ಎರಡು ತಿಂಗಳು ಸತ್ತು ಬದುಕಿದ್ದೆ. ಬಸುರಿಲ್ಲ ಎಂದು ಪರೀಕ್ಷೆಯಲ್ಲಿ ಖಾತ್ರಿಯಾದರೂ ಸಿಟ್ಟು ಇಳಿಯಲಿಲ್ಲ.

ಕೊನೆಯ ಇಂಜೆಕ್ಷನ್ ಆಗಿ ಹತ್ತು ತಿಂಗಳಿಗೆ ಮುಟ್ಟು ಮರಳಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ದಿನವೂ ದೇವರಿಗೆ ದೀಪ ಹಚ್ಚಿದೆ, ರೊಟ್ಟಿ ಬಡಿದೆ. ಅತ್ತೆ ಉಂಡರು, ಗಂಡನೂ ಉಂಡರು. ಮುಂದೆ ಪ್ರತಿ ತಿಂಗಳೂ ಹಾಗೇ ಮಾಡಿದೆ. ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.