ಪಾತ್ರೆ ಅಂಗಡಿ ಯಜಮಾನರು ಉಳಿಸಿಕೊಂಡ ಮೂರು ಆಟ

ನಮ್ಮ ಮನೆಯಲ್ಲೊಂದು ಸ್ಟೀಲ್ ಲೋಟವಿದೆ. ಅದರ ಮೇಲೆ ‘ಮಾಚವ್ವೆ’ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಮೊನ್ನೆ ಹಬ್ಬಕ್ಕೆಂದು ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುವಾಗ ನಮ್ಮತ್ತೆ ಅದನ್ನು ಬೆಳಕಿಗೆ ಹಿಡಿದು ಓದಿದರು. “ಇದ್ಯಾರೇ ಮಾಚವ್ವೆ? ನಿಮ್ಮ ತವರಿನ ಕಡೆಯೋರಾ?” ಎಂದರು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮಂಥವರ ಮನೆಗಳಲ್ಲಿ ಪಾತ್ರೆಯ ಮೇಲಿನ ಹೆಸರು ಸಣ್ಣ ವಿಷಯವಲ್ಲ. ಯಾರದೋ ಮದುವೆಯ ಕೊಡ ಇನ್ಯಾರದೋ ಮನೆಯಲ್ಲಿ ಉಳಿದುಬಿಟ್ಟಿತೆಂದು ಮಾತು ಬಿಟ್ಟ ಸಂಬಂಧಿಕರನ್ನು ನಾನೇ ಕಂಡಿದ್ದೇನೆ. “ಅವಳು ನಾನೇ ಅತ್ತೆ” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಮುಂದಿನ ಪಾತ್ರೆಗೆ ಕೈ ಹಾಕಿದರು.

ಮಾಚವ್ವೆ ಎಲ್ಲೂ ಹುಟ್ಟಿದವಳಲ್ಲ. ಹಡಗೊಂದರಲ್ಲಿ ನಕ್ಷತ್ರ ನೋಡಿ ದಿಕ್ಕು ಹೇಳುವುದು ಅವಳ ಕೆಲಸ. ಆ ಹಡಗೂ ಎಲ್ಲೂ ಇರಲಿಲ್ಲ. ಹಳೇಬೀಡಿನ ಒಂದು ಪಾತ್ರೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ, ನಾಲ್ಕು ಜನರ ಬಾಯಲ್ಲಿ ಮಾತ್ರ ಇತ್ತು. ಲೋಟದ ಮೇಲೆ ಆ ಹೆಸರು ಕೊರೆದುಕೊಟ್ಟವರು ಅಂಗಡಿಯ ಯಜಮಾನರು. ಅವರು ತೀರಿಕೊಂಡು ಒಂದು ವರ್ಷವಾಯಿತು.

ನನಗೆ ಕೆಲಸ ಸಿಕ್ಕಿ ಮೊದಲು ಹೋದದ್ದು ಹಳೇಬೀಡಿನ ಹೈಸ್ಕೂಲಿಗೆ. ಆಗಿನ್ನೂ ಮದುವೆಯಾಗಿರಲಿಲ್ಲ, ನನ್ನ ತವರೂ ಅರಸೀಕೆರೆಯೇ. ದಿನಾ ಅರಸೀಕೆರೆಯಿಂದ ಜಾವಗಲ್ ಮೇಲೆ ಬಸ್ಸಿನಲ್ಲಿ ಓಡಾಡಿದರೆ ಸೊಂಟ ಉಳಿಯುವುದಿಲ್ಲವೆಂದು ಯಜಮಾನರ ಅಂಗಡಿಯ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಅವರು ಜೈನರು, ಹಿರಿಯರ ಕಾಲದಿಂದ ಬಸ್ತಿಹಳ್ಳಿಯ ಬಸದಿಗಳ ಹತ್ತಿರ ಹೊಲ, ಊರೊಳಗೆ ಅಂಗಡಿ. ಬಿಳಿ ಅರ್ಧತೋಳಿನ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಮಾತು ಬಹಳ ಕಡಿಮೆ. ಕೊಪ್ಪರಿಗೆ ಕೊಳ್ಳಲು ಬಂದವರು ಹತ್ತು ಮಾತಾಡಿದರೆ ಇವರದು ಒಂದು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಇಬ್ಬರಿಗೂ ಐವತ್ತು ದಾಟಿತ್ತು.

ಮೊದಲ ಭಾನುವಾರ ಮಲಗಿದ್ದವಳಿಗೆ ಕೆಳಗಿನಿಂದ ಲೋಟದಲ್ಲಿ ಕಲ್ಲು ಹಾಕಿ ಕುಲುಕಿದಂತೆ ಸದ್ದು. ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಇಳಿದು ನೋಡಿದರೆ ಯಜಮಾನರೂ, ದೇವಸ್ಥಾನದ ಹತ್ತಿರ ಪ್ರವಾಸಿಗರಿಗೆ ಗೈಡ್ ಆಗಿದ್ದ ಒಬ್ಬ ಯುವಕನೂ ಚಾಪೆಯ ಮೇಲೆ ಕೂತಿದ್ದರು. ಯಜಮಾನರು ಗಂಭೀರವಾಗಿ, “ನಿಮ್ಮ ಮುಂದೆ ಗುಹೆ ಇದೆ. ಒಳಗಿಂದ ಯಾರೋ ಕೆಮ್ಮಿದ ಸದ್ದು” ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, “ಯಾರು ಕೆಮ್ಮಿದ್ದು?” ಎಂದುಬಿಟ್ಟೆ. ಅಷ್ಟೇ, ಆವತ್ತಿನಿಂದ ನಾನೂ ಚಾಪೆಯವಳಾದೆ.

ಇದಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಆಟ ನಡೆಸುವವರು ಒಂದು ಸಂದರ್ಭ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಬೇಕು. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಯಜಮಾನರಿಗೆ ಇದನ್ನು ಹಚ್ಚಿದವನು ಹಿಂದೊಮ್ಮೆ ಶಿಲ್ಪಗಳ ಚಿತ್ರ ಬರೆಯಲು ಬಂದು ಇದೇ ಮಹಡಿಯ ಕೋಣೆಯಲ್ಲಿ ಕೆಲವು ತಿಂಗಳು ಉಳಿದಿದ್ದ ಒಬ್ಬ ವಿದೇಶಿ. ಹೋಗುವಾಗ ಗುಹೆಯ ಆಟದ ದಪ್ಪ ಪುಸ್ತಕವನ್ನೂ ಒಂದು ಹಿಡಿ ದಾಳಗಳನ್ನೂ ಕೊಟ್ಟುಹೋದ. ಆಮೇಲೆ ಯಜಮಾನರು ತಾವೇ ಕೊರಿಯರ್‌ನಲ್ಲಿ ತರಿಸತೊಡಗಿದರು. ಕುಕ್ಕರ್‌ಗಳ ಹಿಂದಿನ ಒಂದು ಇಡೀ ಗೂಡು ಆಟದ ಪುಸ್ತಕಗಳಿಂದ ತುಂಬಿತ್ತು. ಹುಳ ಹಿಡಿಯದಿರಲೆಂದು ನಡುನಡುವೆ ಬಜೆಯ ಬೇರು.

ಆ ಮನೆಯ ಆಟಕ್ಕೆ ಪುಸ್ತಕದಲ್ಲಿಲ್ಲದ ನಿಯಮಗಳಿದ್ದವು. ಸೂರ್ಯ ಮುಳುಗುವುದರೊಳಗೆ ಅವರಿಗೆ ಊಟವಾಗಬೇಕು. ಹಾಗಾಗಿ ರಾಕ್ಷಸ ಎದುರಿಗೆ ಬಾಯಿ ತೆರೆದು ನಿಂತಿದ್ದರೂ ಬಿಸಿಲು ಹಿತ್ತಿಲ ಗೋಡೆ ಹತ್ತಿದೊಡನೆ ಆಟ ಬಂದ್. ಅಕ್ಕ ಎಲೆ ಹಾಕುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು, ಬಾಳೆಕಾಯಿ ಪಲ್ಯ. ಆ ರಾಕ್ಷಸನ ಗತಿ ಏನಾಗುತ್ತದೋ ಎಂದು ನಾನು ವಾರವಿಡೀ ತರಗತಿಯಲ್ಲಿ ಯೋಚಿಸುತ್ತಿದ್ದೆ.

ಎರಡನೆಯ ನಿಯಮ, ಕೊಲ್ಲುವಂತಿಲ್ಲ. ಗೈಡ್‌ಗೆ ಇದು ನುಂಗಲಾರದ ತುತ್ತು. ಕತ್ತಿ ಹಿಡಿದ ವೀರನಾಗಿ ಅವನು ಎಷ್ಟು ಸಲ ಆಸೆಯಿಂದ ಬರುತ್ತಿದ್ದನೋ ಅಷ್ಟೂ ಸಲ ಯಜಮಾನರು, “ಬೇರೆ ದಾರಿ ಇದೆಯಾ ನೋಡಪ್ಪ” ಎನ್ನುತ್ತಿದ್ದರು. ಸುಮ್ಮನೆ ಬಾಯಲ್ಲಿ ಹೇಳುವುದು ತಾನೇ ಎಂದು ಅವನು ವಾದಿಸಿದರೆ, ಹಿಟ್ಟಿನ ಕೋಳಿಯನ್ನು ಕತ್ತರಿಸಿದರೂ ಕೊಲ್ಲಲು ಮನಸ್ಸು ಮಾಡಿದ್ದು ಮಾಡಿದ್ದೇ ಎಂಬ ಉತ್ತರ. ಹೀಗಾಗಿ ನಾವು ರಾಕ್ಷಸರ ಜೊತೆ ಸಂಧಾನ ಮಾಡಿದೆವು, ಅವರ ಮನೆ ಜಗಳ ಬಿಡಿಸಿದೆವು, ಒಬ್ಬನಿಗೆ ಹೆಣ್ಣನ್ನೂ ನೋಡಿದೆವು. ದಾಳದ ಸದ್ದು ಕೇಳಿ ಯಜಮಾನರ ನೆಂಟರೊಬ್ಬರು ಮನೆಯಲ್ಲಿ ಜೂಜು ನಡೆಯುತ್ತಿದೆಯೆಂದು ಗುಲ್ಲೆಬ್ಬಿಸಿದ್ದರು. ಯಜಮಾನರು ಅವರನ್ನು ಕರೆದು ಒಂದು ಭಾನುವಾರ ಪಕ್ಕದಲ್ಲೇ ಕೂರಿಸಿಕೊಂಡರು. ಏನೂ ಪಣಕ್ಕಿಡದ ಜೂಜನ್ನು ನೋಡಿ ನೋಡಿ ಅವರಿಗೆ ಆಕಳಿಕೆ ಬಂತು.

ಅಕ್ಕ ಬಹಳ ದಿನ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹಡಗಿನ ಆಟ ಬಂದ ಮೇಲೆ ಎಲ್ಲ ಬದಲಾಯಿತು. ಆ ಆಟಕ್ಕೆ ನಾಲ್ಕು ಜನ ಬೇಕೇಬೇಕು. ದಿಕ್ಕು ನೋಡಲೊಬ್ಬರು, ಹಾಯಿ ಹಿಡಿಯಲೊಬ್ಬರು, ಹಡಗಿನ ಒಡೆಯರೊಬ್ಬರು, ಸಮುದ್ರವಾಗಲು ಒಬ್ಬರು. ಯಜಮಾನರು ಸಮುದ್ರ. ನಾನು ಮಾಚವ್ವೆ. ಗೈಡ್ ಹಾಯಿ ಹಿಡಿದ. ಬಟಾಣಿ ಸುಲಿಯುತ್ತಿದ್ದ ಅಕ್ಕನನ್ನು ಕಾಡಿ ಬೇಡಿ ಒಡತಿಯಾಗಿ ಕೂರಿಸಿದೆವು. ಶ್ರವಣಬೆಳಗೊಳ ಬಿಟ್ಟು ಮುಂದೆ ಹೋಗದಿದ್ದ ಹೆಂಗಸು, ಸಮುದ್ರವನ್ನು ಕಣ್ಣಲ್ಲಿ ಕಂಡವರಲ್ಲ. ಗೈಡ್, “ಯೋಚ್ನೆ ಮಾಡ್ಬೇಡಿ ಅಕ್ಕ, ನಮ್ಮೂರ ಹಳೇ ಹೆಸ್ರಲ್ಲೇ ಸಮುದ್ರ ಐತೆ” ಎಂದ. ಮೊದಲ ಬಿರುಗಾಳಿ ಬಂದಾಗ ಅಕ್ಕ ಬಟಾಣಿ ಮೊರ ಪಕ್ಕಕ್ಕೆ ತಳ್ಳಿ ಗಂಡನ ಮುಖಕ್ಕೇ ಬೆರಳು ತೋರಿಸಿ, “ಎಷ್ಟಾದ್ರೂ ಬೀಸ್ಕೊಳ್ಳಿ. ನನ್ನ ಹಡಗು ತಿರುಗಲ್ಲ” ಎಂದರು. ಯಜಮಾನರು ನಕ್ಕರು. ಅವರ ಹಲ್ಲುಗಳನ್ನು ನಾನು ನೋಡಿದ್ದು ಆವತ್ತೇ ಇರಬೇಕು…

ನನಗೆ ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಸ್ಕೂಲು, ಕೋಣೆ, ಪರೀಕ್ಷೆಯ ಉತ್ತರಪತ್ರಿಕೆ. ಭಾನುವಾರದ ಆ ಹಡಗು ನನ್ನ ಮನೆಯೇ ಆಗಿಹೋಗಿತ್ತು. ಉತ್ಪ್ರೇಕ್ಷೆಯಲ್ಲ, ನಿಜವಾಗಿ.

ಒಂದು ಮಳೆಗಾಲ ಮುನಿಗಳೊಬ್ಬರು ಹತ್ತಿರದಲ್ಲೇ ಚಾತುರ್ಮಾಸಕ್ಕೆ ನಿಂತಿದ್ದರು. ಯಜಮಾನರೂ ಅಕ್ಕನೂ ಅವರ ಮುಂದೆ ಪರಿಗ್ರಹ ಪರಿಮಾಣದ ವ್ರತ ತೆಗೆದುಕೊಂಡು ಬಂದರು. ತಮ್ಮದೆಂದು ಇಟ್ಟುಕೊಳ್ಳುವ ವಸ್ತುಗಳಿಗೆ ತಾವೇ ಮಿತಿ ಹಾಕಿಕೊಂಡು, ಸಾಯುವವರೆಗೂ ಅದನ್ನು ದಾಟದಿರುವ ವ್ರತ ಅದು. ಇಷ್ಟು ಬಟ್ಟೆ, ಇಷ್ಟು ಒಡವೆ, ಇಷ್ಟು ಹೊಲ. ಹೊಸದೊಂದು ಬೇಕಾದರೆ ಇದ್ದುದರಲ್ಲಿ ಒಂದನ್ನು ಬಿಡಬೇಕು. ಅಂಗಡಿಯ ಸರಕು ಬೇರೆ. ಆಟದ ಪುಸ್ತಕಗಳು ಸರಕಲ್ಲವಲ್ಲ! ಅವಕ್ಕೆ ಯಜಮಾನರು ಹಾಕಿಕೊಂಡ ಮಿತಿ ಮೂರು.

“ಮೂರೇನಾ?” ಎಂದೆ. ಗೂಡು ತುಂಬ ಇದ್ದ ಆಟಗಳು ಕಣ್ಣ ಮುಂದೆ ಬಂದವು. “ಒಂದು ಅಂತಿದ್ದೆ. ಇವಳು ಜಗಳ ಆಡಿ ಮೂರು ಮಾಡಿಸಿದ್ಲು” ಎಂದರು.

ಚಾತುರ್ಮಾಸ ಮುಗಿಯುವುದರೊಳಗೆ ಆರಿಸಬೇಕಿತ್ತು. ಯಾವ ಆಟವನ್ನೂ ಹಾಗೇ ಸಾಗಹಾಕಬಾರದು, ಕೊನೆಯದಾಗಿ ಒಮ್ಮೆ ಆಡಿಯೇ ಕೊಡಬೇಕೆಂದು ಯಜಮಾನರ ಹಟ. ಹೀಗಾಗಿ ಆ ಮಳೆಗಾಲವೆಲ್ಲ ಬೀಳ್ಕೊಡುಗೆಯ ಕಾಲವಾಯಿತು. ಪತ್ತೇದಾರಿ ಆಟವನ್ನು ಬೇಲೂರಿನ ಕಾಲೇಜು ಮೇಷ್ಟ್ರೊಬ್ಬರಿಗೆ ಕೊಟ್ಟರು. ದೆವ್ವದ ಆಟವನ್ನು ಅಕ್ಕ ಮೊದಲೇ ಹೊರಗೆ ಹಾಕಿಸಿದ್ದರು. ಒಂದು ಯುದ್ಧದ ಆಟವನ್ನು ತೆಗೆದುಕೊಳ್ಳುವವರೂ ಇರಲಿಲ್ಲ; ಕೊಲ್ಲದೆ ಅದರಲ್ಲಿ ಒಂದು ಹೆಜ್ಜೆಯೂ ಹೋಗಲಾಗದೆ ನಾವು ಮೂರು ಗಂಟೆ ಸೈನಿಕರಿಗೆ ಅಡುಗೆ ಮಾಡಿ ಬಡಿಸಿ ಎದ್ದಿದ್ದೆವು. ಗೂಡು ತೆರವಾದಂತೆ ಅಕ್ಕ ಅಲ್ಲಿ ಇಡ್ಲಿ ಪಾತ್ರೆ ಜೋಡಿಸಿದರು.

ಕೊನೆಗೆ ಉಳಿದದ್ದು ನಾಲ್ಕು. ಗುಹೆಯ ಆಟ ಇರಲೇಬೇಕು, ಅದು ಕಲಿಸಿದವನ ಕೈಯಿಂದ ಬಂದದ್ದು. ಜಾತ್ರೆಗೆ ಹೊರಟ ಮುದುಕಿಯರ ಆಟವೊಂದಿತ್ತು. ಬರೀ ಮಾತು, ನಗು. ಅದನ್ನು ಯಾರು ಬಂದರೂ ಆಡಬಹುದು, ಅದೂ ಇರಲಿ. ಮೂರನೆಯ ಜಾಗಕ್ಕೆ ಹಡಗಿನ ಆಟ ಒಂದು, ಇಬ್ಬರೇ ಕೂತು ಊರು ಕಟ್ಟುವ ಆಟ ಒಂದು. ಊರಿನ ಆಟದಲ್ಲಿ ದಾಳವೂ ಇಲ್ಲ. ಒಬ್ಬರು, ಇಲ್ಲೊಂದು ಕಟ್ಟೆ ಕಟ್ಟಿದರು ಎಂದರೆ ಇನ್ನೊಬ್ಬರು ಅದರ ಮೇಲೆ ಯಾರು ಕೂತರು ಎಂದು ಹೇಳಬೇಕು. ದೊಡ್ಡ ಹಾಳೆಯ ಮೇಲೆ ಊರು ಬೆಳೆಯುತ್ತಾ ಹೋಗುತ್ತದೆ. ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹಡಗೇ ಉಳಿಯುವುದೆಂದು ಗೈಡ್‌ಗೂ ನನಗೂ ಖಾತ್ರಿ.

ಆ ಭಾನುವಾರ ಯಜಮಾನರು ಹಡಗಿನ ಆಟವನ್ನು ನನ್ನ ಕೈಗಿಟ್ಟರು. “ಇದು ನಿಮಗೆ ಟೀಚರಮ್ಮ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಕ್ಕ ಆಡೋದೇ ಇದೊಂದು. ಇದನ್ನ ಬಿಟ್ಟು ಆ ಊರಿನ ಆಟ ಇಟ್ಕೊಳ್ತೀರಾ?” ಎಂದೆ.

“ಹಡಗಿಗೆ ನಾಲ್ಕು ಜನ ಬೇಕು” ಎಂದರು. “ನಾನು ಆರಿಸ್ತಿರೋದು ಈ ವರ್ಷಕ್ಕಲ್ಲ, ಸಾಯೋವರೆಗೂ. ನೀವು ಹೋಗ್ತೀರಿ. ಇವನೂ ಹೋಗ್ತಾನೆ. ಉಳಿಯೋದು ನಾವಿಬ್ಬರೇ.”

“ನಾನೆಲ್ಲಿ ಹೋಗ್ತೀನಿ?” ಎಂದು ಸಿಟ್ಟಿನಿಂದಲೇ ಕೇಳಿದೆ. ಗೈಡ್ ತಲೆ ತಗ್ಗಿಸಿ ದಾಳಗಳನ್ನು ಚೀಲದಿಂದ ಹೊರಗೆ ತೆಗೆಯುತ್ತಿದ್ದ. ಅಕ್ಕ ಒಳಗೆ ಹೋದರು, ಆವತ್ತು ಪಲ್ಯ ತಳ ಹಿಡಿದಿತ್ತು. ಆ ಮಧ್ಯಾಹ್ನ ಹಡಗನ್ನು ಕೊನೆಯ ಸಲ ಹೊರಡಿಸಿದೆವು. ಯಾರಿಗೂ ಮನಸ್ಸಿರಲಿಲ್ಲ. ಎಲ್ಲಿ ನಿಲ್ಲಿಸಿದೆವೋ ಈಗ ನೆನಪಿಲ್ಲ… ಯಾವುದೋ ದ್ವೀಪ ಕಂಡಿತ್ತು ಎನ್ನುವುದಷ್ಟೇ ನೆನಪು.

ಅವರು ಹೇಳಿದಂತೆಯೇ ಆಯಿತು. ಗೈಡ್ ಹೋಟೆಲೊಂದರ ಕೆಲಸ ಹಿಡಿದು ಮೈಸೂರಿಗೆ ಹೋದ. ನನಗೆ ಮದುವೆಯಾಯಿತು, ಅರಸೀಕೆರೆಗೆ ವರ್ಗ ಕೇಳಿದೆ. ಕೇಳಿದ್ದು ನಾನೇ, ಯಾರೂ ಬಲವಂತ ಮಾಡಲಿಲ್ಲ. ಆರಂಭದಲ್ಲಿ ತಿಂಗಳಿಗೊಮ್ಮೆ ಹಳೇಬೀಡಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರಿಬ್ಬರೂ ಚಾಪೆಯ ಮೇಲೆ ಆ ಹಾಳೆ ಹರಡಿಕೊಂಡಿರುತ್ತಿದ್ದರು. ಒಂದು ಊರು ಮುಗಿಸಿ ಇನ್ನೊಂದು. ಮಾತೇ ಆಡದಿದ್ದ ಮನುಷ್ಯ ಅಗಸರ ಬೀದಿಯ ಜಗಳವನ್ನು ಹೆಂಡತಿಗೆ ವಿವರಿಸುತ್ತಿದ್ದರು. ಅಕ್ಕ, “ಅವಳದ್ದೇ ತಪ್ಪು ಬಿಡಿ” ಎಂದು ಇಲ್ಲದ ಹೆಂಗಸೊಬ್ಬಳ ಮೇಲೆ ಹರಿಹಾಯುತ್ತಿದ್ದರು. ನೋಡಲು ಖುಷಿಯಾಗುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ಆಮೇಲೆ ತಿಂಗಳು ಹೋಗಿ ವರ್ಷಕ್ಕೊಮ್ಮೆ ಆಯಿತು. ಅವರು ಹೋದ ಸುದ್ದಿ ಬಂದಾಗ ಹೋಗಿ ಕೈಮುಗಿದು, ಜನರ ನಡುವೆ ಅಕ್ಕನ ಹತ್ತಿರ ನಾಲ್ಕು ಮಾತೂ ಆಡಲಾಗದೆ ಬಂದೆ.

ಅತ್ತೆ ಲೋಟದ ಹೆಸರು ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಹಬ್ಬ ಕಳೆದ ಮೇಲಿನ ಭಾನುವಾರ ಬಸ್ಸು ಹತ್ತಿದೆ. ಅಂಗಡಿಯನ್ನು ಈಗ ಅವರ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಅಕ್ಕ ಹಿಂದಿನ ಕೋಣೆಯಲ್ಲಿದ್ದರು. ಸೊರಗಿದ್ದಾರೆ, ಆದರೆ ದನಿ ಅದೇ. ಬಿಸಿನೀರು ಸೋಸಿ ಕೊಟ್ಟರು. ಮನೆ ಸುದ್ದಿಯೆಲ್ಲ ಆಯಿತು. ಆಮೇಲೆ ಎದ್ದುಹೋಗಿ ಊರಿನ ಆಟದ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು.

“ಇದನ್ನ ತಗೊಂಡೋಗು. ಹಡಗು ತಂದ್ಕೊಡು” ಎಂದರು. “ಮೂರಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ವ್ರತ ನಂದೂ ಅಲ್ವಾ?”

ಹಡಗಿಗೆ ನಾಲ್ಕು ಜನ ಎಲ್ಲಿಂದ ತರುವುದು ಅಕ್ಕ, ಎಂದೆ. “ಆಡಕ್ಕಲ್ಲ ಕಣೇ. ಇರ್ಲಿ ಅಂತ” ಎಂದರು. ಆಮೇಲೆ, “ಕೊನೆಗೆ ಉಳಿಯೋದು ಇಬ್ಬರೇ ಅಂತ ಅಷ್ಟು ದೂರ ಯೋಚ್ನೆ ಮಾಡಿದ್ರು. ಒಬ್ಬಳೇ ಉಳಿತೀನಿ ಅನ್ನೋದು ಮಾತ್ರ ಹೊಳೀಲಿಲ್ಲ ನೋಡು ಅವ್ರಿಗೆ” ಎಂದರು. ದೂರಿನಂತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು, ಅಷ್ಟೇ.

ಪುಸ್ತಕದೊಳಗೆ ಮಡಿಸಿಟ್ಟ ಹಾಳೆ ಇತ್ತು. ಬಿಡಿಸಿದೆ. ಒಂದು ಬೀದಿ, ಎಂಟು ಹತ್ತು ಮನೆ, ಒಂದು ಬಸದಿ. ಬೀದಿಯ ಕೊನೆಯಲ್ಲಿ ಅಕ್ಕನ ಕೈಯಲ್ಲಿ ಬರೆದ ಒಂದು ದುಂಡನೆಯ ಗೆರೆ. ಬಾವಿಯಂತೆ. “ನಾನು ಬಾವಿ ತೋಡಿಸ್ದೆ. ನೀರು ಸಿಕ್ತೋ ಇಲ್ವೋ ಅವರು ಹೇಳ್ಬೇಕಿತ್ತು. ಅಷ್ಟರಲ್ಲಿ ಊಟದ ಹೊತ್ತಾಯ್ತು, ನಾಳೆ ಹೇಳ್ತೀನಿ ಅಂದ್ರು.”

“ನಾನು ಹೇಳ್ಲಾ ಅಕ್ಕ?” ಎಂದೆ. ಸಿಹಿನೀರು, ಬೇಕಾದಷ್ಟು ನೀರು, ಎಂದುಬಿಡಲು ನಾಲಿಗೆಯ ತುದಿಯವರೆಗೂ ಬಂದಿತ್ತು.

“ಬೇಡ” ಎಂದರು. “ಅದು ಅವರ ಸರದಿ.”

ಈ ಭಾನುವಾರ ಹಡಗಿನ ಆಟವನ್ನು ಕೊಟ್ಟು ಬಂದೆ. ಬರುವಾಗ ಜಾವಗಲ್ ದಾಟುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಇದ್ದೆ. ಪಕ್ಕದಲ್ಲಿದ್ದ ಹೆಂಗಸು ನನಗೆ ಜಾಗ ಮಾಡಿಕೊಟ್ಟು ಕಿಟಕಿಯ ಕಡೆ ಕೂರಿಸಿದಳು. ಊರಿನ ಆಟ ಈಗ ನನ್ನ ಬೀರುವಿನಲ್ಲಿದೆ. ಯಾರಿಗೂ ಕೊಡುವುದಿಲ್ಲ, ಯಾರ ಜೊತೆಗೂ ಆಡುವುದಿಲ್ಲ. ಆ ಬೀದಿಯ ಕೊನೆಯ ಬಾವಿಯಲ್ಲಿ ನೀರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.