ಕದ್ದರೇ ಬರುವ ಲಿಲ್ಲಿ

ಮೊನ್ನೆ ತಿಪಟೂರಿನಲ್ಲಿ ಕೆಲಸ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ನಿಂತ ಜಾಗದ ಹಿಂದೆಯೇ ಒಂದು ನರ್ಸರಿ. ಅಲ್ಲಿನ ಹೆಂಗಸು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಳು. ಬಿಸಿಲಿಗೆ ಕಾದ ತೆಂಗಿನ ನಾರಿನ ಪುಡಿಗೆ ನೀರು ಬಿದ್ದಾಗ ಏಳುವ ವಾಸನೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಆದರೂ ಯಾಕೋ ತಿರುಗಿ ನೋಡಿದೆ. ಕಪ್ಪು ಪ್ಲಾಸ್ಟಿಕ್ ಕವರುಗಳಲ್ಲಿ ಸಾಲಾಗಿ ಕೆಂಪು ಲಿಲ್ಲಿ. "ತಗೊಳ್ಳಿ ಅಮ್ಮಾ, ಚೆನ್ನಾಗಿ ಬತ್ತದೆ" ಅಂದಳು. "ದುಡ್ಡು ಕೊಟ್ಟು ತಗೊಂಡ್ರೆ ಬತ್ತದೇನವ್ವ ಇದು?" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಇದ್ಯಾವುದೋ ತಲೆ ಸರಿಯಿಲ್ಲದ ಗಿರಾಕಿ ಅಂದುಕೊಂಡು, ಪೈಪನ್ನು ಪಕ್ಕದ ಸಾಲಿಗೆ ತಿರುಗಿಸಿದಳು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗೆ ಏನೂ ಕಾಣಲಿಲ್ಲ ನನಗೆ. ಊರು ಬರುವ ತನಕ ಪುಟ್ಟೀರಮ್ಮನವರೇ ಕಣ್ಣ ಮುಂದೆ.

ಪುಟ್ಟೀರಮ್ಮ ನಮ್ಮ ಪಕ್ಕದ ತೋಟದವರು. ಶೆಟ್ಟಿಕೆರೆ ಕಡೆಯಿಂದ ಬಂದರೆ ಮೊದಲು ಅವರ ತೋಟ, ತೋಟದೊಳಗೇ ಅವರ ಮನೆ. ಆಮೇಲೆ ಒಂದು ಬದು, ಬದುವಿನ ಈಚೆ ನಾವು. ನಾನು ಮದುವೆಯಾಗಿ ಬಂದಾಗ ಅವರ ಮಗ ಆಗಲೇ ಶಾಲೆಗೆ ಹೋಗುತ್ತಿದ್ದ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅದಕ್ಕೇ ಅಕ್ಕ ಅನ್ನುತ್ತಿದ್ದೆ. ಬಂದ ಹೊಸದರಲ್ಲಿ ನನಗೆ ಈ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡಲು ಯಾರೂ ಇರಲಿಲ್ಲ. ಮಾವ ಮಾತಾಡಿದರೆ ಕೊಬ್ಬರಿ ರೇಟು, ನಮ್ಮನೆಯವರು ಅದನ್ನೂ ಮಾತಾಡುತ್ತಿರಲಿಲ್ಲ. ಬದುವಿನ ಹತ್ತಿರ ಹೋಗಿ ನಿಂತರೆ ಪುಟ್ಟೀರಮ್ಮ ಇರುತ್ತಿದ್ದರು. ಆ ಕಾಲದಲ್ಲಿ ನನ್ನನ್ನು ಉಳಿಸಿದ್ದು ಅವರು ಅಂತ ಈಗಲೂ ಹೇಳುತ್ತೇನೆ.

ಅವರ ಮನೆಯ ಹಿಂದೆ, ಬಚ್ಚಲು ದಾಟಿದರೆ, ಒಂದು ಮೂಲೆಯಲ್ಲಿ ಕೆಂಪು ಲಿಲ್ಲಿ ಇತ್ತು. ಊರಲ್ಲಿ ಬೇರೆಯವರ ಮನೆ ಮುಂದೆ ಇರುವ ಕಿತ್ತಳೆ ಬಣ್ಣದ್ದಲ್ಲ. ಕಂದಿಕೆರೆಯ ತವರಿನಿಂದ ತಂದದ್ದಂತೆ, ಗಾಢ ಕೆಂಪು, ನಡುವೆ ಗಂಟಲಲ್ಲಿ ಅಷ್ಟೇ ಅಷ್ಟು ಹಳದಿ. ಒಂದೊಂದು ದಂಟಿನಲ್ಲಿ ಮೊಗ್ಗು ಗೊಂಚಲಾಗಿ ಬರುತ್ತವೆ, ಆದರೆ ಒಂದೊಂದಕ್ಕೂ ಒಂದೊಂದೇ ದಿನ. ಬೆಳಿಗ್ಗೆ ಬಿಚ್ಚಿದ್ದು ಸಂಜೆಗೆ ಮುದುಡಿತು ಅಂದರೆ ಮುಗಿಯಿತು. ನಮ್ಮ ಕಡೆ ಗಿಡ ಅಂದರೆ ತೆಂಗು, ಮಿಕ್ಕದ್ದೆಲ್ಲ ಕಳೆ. ಪುಟ್ಟೀರಮ್ಮನ ಯಜಮಾನರು ಮರುಳಯ್ಯನವರು ಆ ಮೂಲೆಗೆ ಬಂದಾಗಲೆಲ್ಲ ಗೊಣಗುತ್ತಿದ್ದರು. "ಮುಡ್ಕೊಳ್ಳಾಕಿಲ್ಲ, ದೇವ್ರಿಗೆ ಮಾಲೆ ಕಟ್ಟಾಕಿಲ್ಲ. ಒಂದು ಸಸಿ ಇಟ್ಟಿದ್ರೆ ಇಷ್ಟೊತ್ತಿಗೆ ಕಾಯಿ ಬುಡ್ತಿತ್ತು." ಪುಟ್ಟೀರಮ್ಮ ಕೇಳಿಸಿಕೊಳ್ಳದವರಂತೆ ಬಾಡಿದ ಹೂ ಕಿತ್ತು ಹಾಕುತ್ತಿದ್ದರು.

ನನಗೂ ಒಂದು ಬುಡ ಬೇಕು ಅಂತ ಆಸೆ ಹತ್ತಿತು. ಕೇಳಿಯೇ ಬಿಟ್ಟೆ. "ಕೊಡಾಕಿಲ್ಲ ಕಣೇ" ಅಂದುಬಿಟ್ಟರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಜ್ಜಿಗೆ, ಸೊಪ್ಪು, ಉಪ್ಪಿನಕಾಯಿ ಎಲ್ಲ ಕೊಡುವವರು ಒಂದು ಗೆಡ್ಡೆಗೆ ಹೀಗಂದರಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಅವರು ನಕ್ಕರು. "ಕೊಟ್ಟಿದ್ದು ಬರಾಕಿಲ್ಲ, ಕದ್ದಿದ್ದೇ ಬರೋದು. ನಾಳೆ ಮಧ್ಯಾಹ್ನ ಊಟ ಮಾಡಿ ಮಲಗಿರ್ತೀನಿ. ಹಿತ್ಲು ಬಾಗ್ಲು ತೆಗ್ದಿರ್ತದೆ, ಗುದ್ಲಿ ಗ್ವಾಡೆಗೆ ಒರಗ್ಸಿರ್ತೀನಿ. ಇನ್ನೇನು ನಾನೇ ಅಗೆದು ತಲೆ ಮೇಲೆ ಹೊರ್ಸ್ಬೇಕಾ?"

ನೀವೂ ಕೇಳಿರುತ್ತೀರಿ, ಗಿಡ ಕದ್ದು ತಂದರೇ ಹತ್ತುವುದು ಅನ್ನುವ ನಂಬಿಕೆ ನಮ್ಮಲ್ಲಿ ಅನೇಕರಿಗೆ ಇದೆ. ಪುಟ್ಟೀರಮ್ಮನಿಗೆ ಅದು ಬರೀ ನಂಬಿಕೆಯಲ್ಲ, ಕಾನೂನು. ಮಾರನೆಯ ದಿನ ನಾನು ಸೆರಗು ಸಿಕ್ಕಿಸಿಕೊಂಡು ಹೋದೆ. ಬಾ ಅಂತ ಕರೆದ ಮನೆಗೇ ಕಳ್ಳತನಕ್ಕೆ ಹೋಗುತ್ತಿದ್ದರೂ ಎದೆ ಡವಡವ. ಒಳಗೆ ಅವರು ಗೊರಕೆ ಹೊಡೆಯುತ್ತಿದ್ದರು. ನಾನು ಗುದ್ದಲಿ ತಪ್ಪಾಗಿ ಹಾಕಿದಾಗ ಮಾತ್ರ ಗೊರಕೆ ನಿಲ್ಲುತ್ತಿತ್ತು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೇ ಅಗೆದೆ.

ಆ ಮೊದಲ ಬುಡವನ್ನು ನಾನು ಕೊಂದೆ. ಎಲ್ಲಿ ನೆಡುವುದು ಅಂತ ಯೋಚಿಸಿ ತೆಂಗಿನ ಮರದ ಪಾತಿಯಲ್ಲೇ ನೆಟ್ಟೆ, ನೀರು ಹೇಗೂ ನಿಲ್ಲುತ್ತದಲ್ಲ ಅಂತ. ಅಷ್ಟು ಸಾಲದು ಅಂತ ಒಂದು ಹಿಡಿ ಉಪ್ಪು ಹಾಕಿದೆ. ತೆಂಗಿಗೆ ಉಪ್ಪು ಹಾಕುವುದನ್ನು ನೋಡಿಕೊಂಡೇ ಬೆಳೆದವಳು, ಒಳ್ಳೆಯದಾಗಲಿ ಅಂತಲೇ ಹಾಕಿದ್ದು. ಎಲೆ ಹಳದಿಯಾಗಿ, ಎಳೆದರೆ ಗೆಡ್ಡೆ ಕೊಳೆತು ಕೈಗೇ ಬಂತು. ಪುಟ್ಟೀರಮ್ಮ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೆಳೆಯಾಕೆ ಹಾಕ್ದೋ, ಉಪ್ಪಿನಕಾಯಿ ಹಾಕ್ದೋ? ಹೋಗ್ಲಿ ಬುಡು, ನಾಳೆನೂ ಮಲಗ್ತೀನಿ, ಬಾ." ಎರಡನೆಯ ಸಲ ಅವರು ಹೇಳಿದ ಹಾಗೇ ಮಾಡಿದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ತೆಂಗಿನ ಗರಿ ನೆರಳು ಬರುವ ಜಾಗ, ಇಲ್ಲದಿದ್ದರೆ ಕೆಂಪು ಸುಟ್ಟು ಕರ್ರಗಾಗುತ್ತದೆ. ನಾರಿನ ಪುಡಿ ಹಾಕಬಹುದು, ಆದರೆ ಮಳೆಯಲ್ಲಿ ನೆನೆದು ಕಪ್ಪಗಾದ ಹಳೆಯದು. ಎಲೆಯನ್ನು ಗೇಣುದ್ದ ಬಿಟ್ಟು ಕತ್ತರಿಸಬೇಕು, ಕುತ್ತಿಗೆ ಮುಚ್ಚುವ ಹಾಗೆ ಆಳಕ್ಕೆ ಹೂಳಬಾರದು. ಮುಂದಿನ ಬೇಸಿಗೆಗೆ ನಮ್ಮ ಹಿತ್ತಲಲ್ಲಿ ಕೆಂಪು ಲಿಲ್ಲಿ ಬಿಟ್ಟಿತು. ಆಮೇಲೆ ಎಷ್ಟೋ ವರ್ಷ, ಅವರದು ಸೊರಗಿದರೆ ಅವರು ಬಂದು ನನ್ನದನ್ನು ಕದಿಯುವುದು, ನನ್ನದು ಸೊರಗಿದರೆ ನಾನು ಹೋಗುವುದು. ಎರಡು ಮನೆಯಲ್ಲೂ ಮಧ್ಯಾಹ್ನ ಯಾರಾದರೂ ಜೋರಾಗಿ ಗೊರಕೆ ಹೊಡೆದರೆ ಲಿಲ್ಲಿ ಹೋಯಿತು ಅಂತ ಅರ್ಥ.

ಇಷ್ಟು ಚೆನ್ನಾಗಿದ್ದದ್ದು ಕೆಟ್ಟದ್ದು ಒಂದು ಮರದಿಂದ. ಬದುವಿನ ಮೇಲಿದ್ದ ಆ ತೆಂಗನ್ನು ನೆಟ್ಟವರು ಮರುಳಯ್ಯನವರ ತಂದೆ, ಅದು ಬಾಗಿದ್ದು ನಮ್ಮ ಕಡೆಗೆ. ಬಿದ್ದ ಕಾಯಿಯನ್ನು ಯಾರಿಗೆ ಸಿಕ್ಕಿತೋ ಅವರು ಎತ್ತಿಕೊಳ್ಳುತ್ತಿದ್ದರು, ಯಾರೂ ಏನೂ ಅಂದಿರಲಿಲ್ಲ. ಒಂದು ಸಲ ಇನ್ಯಾವುದಕ್ಕೋ ಸರ್ವೆಯವರು ಬಂದು ಅಳೆದಾಗ ಮರ ನಮ್ಮ ಹದ್ದಿನೊಳಗೆ ಬಂತು. ಮರುಳಯ್ಯನವರು ನಮ್ಮನೆಯವರಿಗೆ, "ಅಳೆಯೋನಿಗೆ ಎಳನೀರು ಕುಡ್ಸಿ ಬದು ಸರಿಸ್ಕೊಂಡೆ" ಅಂದರು. ನಮ್ಮನೆಯವರು ಎಂದೂ ಬಾಯಿ ಬಿಡದವರು ಅವತ್ತು ಬಿಟ್ಟರು. ಸತ್ತುಹೋದ ಅಪ್ಪಂದಿರ ಹೆಸರೂ ನಡುವೆ ಬಂತು. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಆ ಮರಕ್ಕೆ ಹುಳ ಬಿದ್ದು, ಸುಳಿ ಒಣಗಿ, ಕಡಿದು ಹಾಕಿದ್ದೂ ಆಯಿತು. ಜಗಳ ಮಾತ್ರ ಹಸಿರಾಗೇ ಇತ್ತು.

ಹೆಂಗಸರಿಗೇನಾಗಿತ್ತು ಅಂತ ಕೇಳುತ್ತೀರಿ. ಮನೆ ಮನೆಗೆ ಮಾತು ಬಿಟ್ಟ ಮೇಲೆ ಹೆಂಗಸು ಒಬ್ಬಳೇ ಮಾತಾಡಿದರೆ ಅದು ಗಂಡನ ಮುಖಕ್ಕೆ ಮಸಿ ಬಳಿದ ಹಾಗೆ, ನಮ್ಮ ಕಡೆ. ಡೈರಿಗೆ ಹಾಲು ಹಾಕಲು ಹೋದಾಗ ಅವರು ಎದುರಿಗೆ ಬಂದರೆ ನಾನು ಕ್ಯಾನಿನ ಮುಚ್ಚಳ ನೋಡುತ್ತಿದ್ದೆ, ಅವರು ರಸ್ತೆ ನೋಡುತ್ತಿದ್ದರು. ಮೊದಮೊದಲು ಮನೆಗೆ ಬಂದು ಅಳುತ್ತಿದ್ದೆ. ಆಮೇಲೆ ಅದೂ ರೂಢಿಯಾಯಿತು, ಅದೇ ಕೆಟ್ಟದ್ದು ನೋಡಿ. ನಡುವೆ ಅವರಿಗೆ ಉಬ್ಬಸ ಶುರುವಾಗಿ, ಹಾಲಿನ ಕ್ಯಾನು ಹೊರಲಾಗದೆ ಸೊಸೆ ಬರತೊಡಗಿದಳು. ಅಷ್ಟೂ ಕಾಣದಾಯಿತು ಅವರ ಮುಖ.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ಅವರ ಮಗ ಕೊಬ್ಬರಿ ಶೆಡ್ಡು ಕಟ್ಟಲು ಶುರು ಮಾಡಿದ. ಜೆಸಿಬಿ ಸದ್ದಿಗೆ ನಾನು ಬದುವಿನ ಹತ್ತಿರ ಹೋದೆ. ಬಚ್ಚಲ ಹಿಂದಿನ ಮೂಲೆಯ ಮಣ್ಣನ್ನೆಲ್ಲ ಎತ್ತಿ ಟ್ರ್ಯಾಕ್ಟರಿಗೆ ಸುರಿಯುತ್ತಿತ್ತು. ಲಿಲ್ಲಿಯ ಎಲೆ ಮಣ್ಣಿನೊಳಗೆ ಒಮ್ಮೆ ಕಂಡು ಹೋಯಿತು. ಪುಟ್ಟೀರಮ್ಮ ಗೋಡೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದರು. ಮಗನಿಗೆ ಬೇಡ ಅನ್ನಲಿಲ್ಲ, ಅಂದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ತಲೆ ಎತ್ತಿದಾಗ ಅವರಿಗೆ ನಾನು ಕಂಡೆ. ಇಬ್ಬರೂ ಸ್ವಲ್ಪ ಹೊತ್ತು ನೋಡಿಕೊಂಡೆವು. ಅಷ್ಟು ಸೊರಗಿದ್ದರು.

ಅವತ್ತು ನನಗೆ ಅನ್ನ ಇಳಿಯಲಿಲ್ಲ. ಈ ಅಕ್ಕ ಇನ್ನು ಹೆಚ್ಚು ದಿನ ಇರುವುದಿಲ್ಲ ಅಂತ ಕಣ್ಣಿಗೇ ಕಾಣುತ್ತಿತ್ತು. ನಮ್ಮ ಹಿತ್ತಲಲ್ಲಿರುವ ಅವರದೇ ಬುಡ ಅವರ ಹಿತ್ತಲಿಗೆ ಮತ್ತೆ ಸೇರಬೇಕು, ಅವರ ಬಾಯಿಂದ ನಾನು ಒಂದು ಮಾತು ಕೇಳಬೇಕು. ನನಗೆ ಬೇಕಾಗಿದ್ದು ಇಷ್ಟೇ. ಆದರೆ ಮಾತಿಲ್ಲದ ಮನೆಗೆ ತೆಗೆದುಕೊಂಡು ಹೋಗಿ ಕೊಡುವುದು ಹೇಗೆ? ಕೊಟ್ಟರೂ ಅವರ ಲೆಕ್ಕದಲ್ಲಿ ಅದು ಬರುವುದಿಲ್ಲವಲ್ಲ. ಮಾರನೆಯ ದಿನ ಊಟವಾದ ಮೇಲೆ ಹಿತ್ತಲ ಬಾಗಿಲು ತೆರೆದು, ಗುದ್ದಲಿಯನ್ನು ಬದುವಿನಿಂದ ಕಾಣುವ ಹಾಗೆ ಗೋಡೆಗೆ ಒರಗಿಸಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆ. ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಹಾಗೇ ಮಾಡಿದೆ, ಮಳೆ ಹಿಡಿದ ಮೇಲೂ ದಿನಾ ಮಾಡಿದೆ.

"ಹಿತ್ಲು ಬಾಗ್ಲು ಯಾಕೆ ತೆಗ್ದಿಟ್ಟಿರ್ತೀಯ? ದನ ನುಗ್ತವೆ" ಅಂದರು ನಮ್ಮನೆಯವರು. ಗಾಳಿ ಬರಲಿ ಅಂತ ಅಂದೆ. "ಗಾಳಿಗೆ ಗುದ್ಲಿ ಯಾಕೆ?" ಅಂದರು. ನಾನು ಚಾಪೆ ಬಿಡಿಸಿದೆ. ಅವರು ಗುದ್ದಲಿಯನ್ನು ನೋಡಿದರು, ಲಿಲ್ಲಿಯನ್ನು ನೋಡಿದರು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೋಗಿ ಪಡಸಾಲೆಯ ಮಂಚದ ಮೇಲೆ ಉರುಳಿಕೊಂಡರು. ಬಾಗಿಲು ಮುಚ್ಚಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಜಡಿ ಮಳೆ ಬಿಟ್ಟ ಹೊತ್ತಿನಲ್ಲಿ, ಹಿತ್ತಲಲ್ಲಿ ಚಪ್ಪಲಿ ಸದ್ದಾಯಿತು. ಆಮೇಲೆ ಗುದ್ದಲಿ ನೆಲಕ್ಕೆ ತಾಗಿದ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ಗೊರಕೆ ಹೊಡೆಯಬೇಕು ಅನ್ನುವುದೇ ಮರೆತುಹೋಯಿತು. ಗುದ್ದಲಿ ಇನ್ನೊಂದು ಸಲ ಬಿತ್ತು, ಮೆಲ್ಲಗೆ. ನಿಂತಿತು. ಉಸಿರು ಎಳೆಯುವ ಸದ್ದು ನಡುಮನೆಯ ತನಕ ಕೇಳುತ್ತಿತ್ತು. ಎದ್ದು ಹೋಗಿ ಹಿಡಿದುಕೊಳ್ಳಲೋ, ಹೋದರೆ ಅವರಿಗೆ ಅವಮಾನವಾದೀತೋ ಅಂತ ನಾನು ಒದ್ದಾಡುತ್ತಿರುವಾಗಲೇ ಪಡಸಾಲೆಯ ಮಂಚ ಕಿರ್ ಅಂದಿತು. ನಮ್ಮನೆಯವರು ನನ್ನನ್ನು ದಾಟಿಕೊಂಡು ಹಿತ್ತಲಿಗೆ ಹೋದರು. ನನ್ನ ಜೀವ ಬಾಯಿಗೆ ಬಂತು.

"ಇತ್ತ ಕೊಡಕ್ಕ" ಅಂದರು.

"ಬ್ಯಾಡ ಕಣಪ್ಪ. ನೀನು ಅಗೆದು ಕೊಟ್ರೆ ಬರಾಕಿಲ್ಲ ಅದು."

"ಬತ್ತದೆ ಬುಡಿ. ಈ ಉಸಿರಲ್ಲಿ ನೀವು ಅಗೀತೀರಾ?"

ಗುದ್ದಲಿ ಈ ಸಲ ಗಟ್ಟಿಯಾಗಿ ಬಿತ್ತು. ಆಮೇಲೆ ಇಬ್ಬರ ಹೆಜ್ಜೆಯೂ ಬದುವಿನ ಕಡೆಗೆ ಹೋಯಿತು, ಒಂದು ಮುಂದೆ, ಒಂದು ನಿಧಾನಕ್ಕೆ ಹಿಂದೆ. ಆ ಕಡೆಯಿಂದ ಮರುಳಯ್ಯನವರ ದನಿ ಕೇಳಿತು, "ಯಾರ್ಲಾ ಅದು?" ಅಂತ. "ನಾನೇ ಕಣಣ್ಣ" ಅಂದರು ನಮ್ಮನೆಯವರು. ನಾನು ಕಿವಿಗೊಟ್ಟು ಕಾದೆ. ಕೊನೆಗೆ ಅವರ ಮನೆಯ ಸಿಮೆಂಟು ನೆಲದ ಮೇಲೆ ಕುರ್ಚಿ ಎಳೆದ ಸದ್ದಾಯಿತು. ನಾನು ಚಾಪೆಯ ಮೇಲೆ ಮಲಗಿದ್ದಲ್ಲೇ ಅತ್ತೆ.

ಮಾತು ಶುರುವಾಯಿತು. ನಾನು ದಿನಾ ಮಧ್ಯಾಹ್ನ ಹೋಗಿ ಅವರ ಮಂಚದ ಪಕ್ಕ ಕೂರುತ್ತಿದ್ದೆ. ಲಿಲ್ಲಿಯನ್ನು ಅವರ ಕಿಟಕಿಗೆ ಕಾಣುವ ಹಾಗೆ ನೆಟ್ಟಿದ್ದರು. ಹಬ್ಬಗಳು ಕಳೆದವು, ಅದು ಎಲೆ ಬಿಟ್ಟಿತೇ ಹೊರತು ದಪ್ಪವಾಗಲಿಲ್ಲ. "ನಿನ್ ಗಂಡ ಕೈ ಹಾಕಿ ಕೆಡಿಸ್ದ ಕಣೇ. ಅದು ಕೊಟ್ಟಂಗಾಯ್ತು. ಬರಾಕಿಲ್ಲ" ಅನ್ನುತ್ತಿದ್ದರು, ನಗುತ್ತಾ. ನಗು ಕೆಮ್ಮಾಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅವರು ಹೋದರು. ಅವರ ತೋಟದಲ್ಲೇ ಮಣ್ಣು ಮಾಡಿದರು. ನಮ್ಮನೆಯವರು ಹೆಗಲು ಕೊಟ್ಟರು.

ಮೊನ್ನೆ ಬಸ್ಸಿನಲ್ಲಿ ಇದೆಲ್ಲ ನೆನೆದುಕೊಂಡು ಬಂದವಳು, ಬರೆದಿಡೋಣ ಅಂತ ಇವತ್ತು ಬೆಳಿಗ್ಗೆ ಕೂತೆ. ನಾಲ್ಕು ಸಾಲು ಬರೆದಿರಲಿಲ್ಲ, ಮರುಳಯ್ಯನವರು ಕೋಲೂರಿಕೊಂಡು ಬಂದು ಅಂಗಳದಲ್ಲಿ ನಿಂತರು. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ಬರಾಕಿಲ್ಲ ಅಂತಿದ್ಲು ಕಣಮ್ಮ" ಅಂದರು. "ಬಂದೈತೆ. ಬೆಳಿಗ್ಗೆ ಎದ್ದು ನೋಡ್ತೀನಿ, ಒಂದು ಹೂವು ಬುಟ್ಟೈತೆ." ಬದುವಿನ ಕಡೆ ತಿರುಗಿ ಅಂದರು, "ನಂಗೊಬ್ನಿಗೇ ನೋಡಾಕಾಯ್ತಿಲ್ಲ. ನೀವಿಬ್ರೂ ಬನ್ನಿ."

ನಾನು ಬರೆಯುವುದನ್ನು ಬಿಟ್ಟು ಎದ್ದೆ. ನಮ್ಮನೆಯವರು ಚಪ್ಪಲಿ ಮೆಟ್ಟಿಕೊಳ್ಳದೆ ಮುಂದೆ ನಡೆದರು. ಕಿಟಕಿಯ ಕೆಳಗೆ ಅದೇ ಕೆಂಪು, ಅದೇ ಹಳದಿ ಗಂಟಲು. ಒಳಗೆ ಮಂಚ ಖಾಲಿ. ಮರುಳಯ್ಯನವರು ಕುರ್ಚಿ ಹಾಕಿಸಿದರು. ಅವರ ಸೊಸೆ ಕಾಫಿ ತಂದಿಟ್ಟಳು, ಆಮೇಲೆ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ. ಸಂಜೆಗೆ ಹೂವು ಮುದುಡುವ ತನಕ ನಾವು ಮೂವರೂ ಅಲ್ಲೇ ಕೂತಿದ್ದೆವು.